ಕನ್ನಡ ಬಲ್ಲ ಕುದುರೆ

ಅವ್ವಣ್ಣನವರನ್ನು ನಾನು ಮೊದಲು ಕಂಡದ್ದು 2002ರ ಆಗಸ್ಟ್ ತಿಂಗಳ ಒಂದು ಶುಕ್ರವಾರ, ಬೆಳಗಿನ ಆರೂ ಮುಕ್ಕಾಲಿಗೆ. ಕಾಣುವ ಮೊದಲು ಅವರ ದನಿ ಕೇಳಿದ್ದೆ.

ಪುಣೆಯ ಹೊರವಲಯದ ಭೋಸರಿಯ ಒಂದು ಕಾರ್ಖಾನೆಗೆ ಪರೀಕ್ಷಾ ಯಂತ್ರ ಜೋಡಿಸಿಕೊಡಲು ಹುಬ್ಬಳ್ಳಿಯಿಂದ ಹೋಗಿದ್ದೆ. ಒಂದು ಬಿಡಿಭಾಗ ಸೋಮವಾರಕ್ಕೆ ಮೊದಲು ಬರುವುದಿಲ್ಲ ಎಂದಾಯಿತು. ಕೈಯಲ್ಲಿ ಮೂರು ದಿನ ಉಳಿದವು. ದಂಡುಪ್ರದೇಶವಾದ ಕ್ಯಾಂಪಿನಲ್ಲಿ ನಾನಿದ್ದ ಲಾಡ್ಜಿನಿಂದ ರೇಸ್ ಕೋರ್ಸು ನಡೆದು ಹೋಗುವಷ್ಟು ದೂರ. ಇಂಗ್ಲಿಷರ ದಂಡಿನ ಕಾಲದ್ದು, ಹತ್ತೊಂಬತ್ತನೆಯ ಶತಮಾನದ್ದು ಎಂದು ಓದಿದ್ದೆ. ಜೂಜು ನನಗೆ ತಿಳಿಯದು. ಹಳೆಯ ಜಾಗವೊಂದನ್ನು ನೋಡಿದ ಹಾಗಾಗುತ್ತದೆ ಎಂದು ಹೋದೆ. ಪುಣೆಯಲ್ಲಿ ರೇಸು ನಡೆಯುವುದು ಮಳೆಗಾಲದಲ್ಲಿ. ದೀಪಾವಳಿಯ ಹೊತ್ತಿಗೆ ಕುದುರೆಗಳೂ ಅವುಗಳನ್ನು ನೋಡಿಕೊಳ್ಳುವವರೂ ಮುಂಬೈಗೆ ಹೊರಟುಬಿಡುತ್ತಾರೆ.

ಜಿಟಿಜಿಟಿ ಮಳೆ. ಬಿಳಿ ಕಟಕಟೆಗೆ ಒರಗಿ ನಿಂತಿದ್ದೆ. ಕುದುರೆಗಳು ಎರಡೆರಡಾಗಿ ಬರುತ್ತಿದ್ದವು. ಹಸಿ ಹುಲ್ಲಿನ ಮೇಲೆ ಗೊರಸಿನ ಸದ್ದು ಕಡಿಮೆ, ಹಾಗಾಗಿ ಮೊದಲು ಕೇಳುವುದು ಅವುಗಳ ಉಸಿರು. ಓಟ ಮುಗಿಸಿದವನ್ನು ಸಾಯಿಸರು, ಎಂದರೆ ಕುದುರೆ ನೋಡಿಕೊಳ್ಳುವ ಆಳುಗಳು, ಹಗ್ಗ ಹಿಡಿದು ಲಾಯದ ಕಡೆ ನಡೆಸಿಕೊಂಡು ಹೋಗುತ್ತಿದ್ದರು. ಎಲ್ಲರ ಬಾಯಲ್ಲೂ ಹಿಂದಿ, ಮರಾಠಿ. ಅದರ ನಡುವೆ ನನ್ನ ಬೆನ್ನ ಹಿಂದೆ ಯಾರೋ ಅಂದರು:

“ಸಾವಕಾಶ ಬಾರವ್ವಾ. ಯಾರ್ ಬೆನ್ನ ಹತ್ಯಾರ ನಿನಗ? ಮನೀಗೇ ಹೊಂಟೀವಲ್ಲ.”

ಯಾರೋ ಹೆಂಡತಿಯನ್ನೋ ಮಗಳನ್ನೋ ಕರೆದುಕೊಂಡು ಹೊರಟಿದ್ದಾರೆ ಎಂದುಕೊಂಡು ತಿರುಗಿದೆ. ಹೆಂಗಸು ಯಾರೂ ಇರಲಿಲ್ಲ. ಗೋಣಿಚೀಲವನ್ನು ಕೊಪ್ಪೆ ಮಾಡಿ ಹೊದ್ದ, ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಪಕ್ಕದಲ್ಲಿ ಒಂದು ಕಂದು ಹೆಣ್ಣುಕುದುರೆ. ಅದರ ಒಂದು ಕಿವಿ ಅವರ ಕಡೆಗೇ ತಿರುಗಿತ್ತು.

“ಯಾವೂರ್ರೀ ನಿಮ್ಮದು?” ಎಂದೆ.

ಅವರು ನಿಂತರು. ಕುದುರೆಯೂ ನಿಂತಿತು.

“ಕನ್ನಡದವ್ರೇನ್ರಿ?”

“ಹೌದ್ರಿ. ಹುಬ್ಬಳ್ಳಿ.”

ಅವರು ಅದನ್ನು ಕುದುರೆಗೆ ಹೇಳಿದರು: “ಕೇಳಿದೇನ ಅಪ್ಪಿ? ನಮ್ಮ ಮಾತಿನವ್ರು ಬಂದಾರ.”

ಆಮೇಲೆ ನನ್ನ ಕಡೆ ತಿರುಗಿ ಶಹಾಪುರದ ಹತ್ತಿರದ ಒಂದು ಹಳ್ಳಿಯ ಹೆಸರು ಹೇಳಿದರು. ತಮ್ಮ ಹೆಸರು ಅವ್ವಣ್ಣ ಎಂದರು. “ಛಾ ಕುಡದು ಹೋಗ್ರಿ ಸಾಹೇಬ್ರ. ಈ ಮಾತು ಆಡಿ ಭಾಳ ದಿವಸಾತು. ಅಂದ್ರ ಮನಷ್ಯಾರ ಜೋಡಿ.”

ಲಾಯದ ಬಾಗಿಲಲ್ಲಿ ಜಮಾದಾರ ಏಕನಾಥ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಸಾಯಿಸರೆಲ್ಲರ ಮೇಲ್ವಿಚಾರಣೆ ಅವನದು. ಸಾತಾರದ ಕಡೆಯವನು, ಬಿಳಿ ಮೀಸೆ, ಬಾಯಿ ಜೋರು. ಅವನು ಆಡುವುದೆಲ್ಲ ಮರಾಠಿ. ನನಗದು ತಿಳಿಯುತ್ತದೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಯಾರೋ ಇವರು, ಕಾನಡ್ಯಾ?” ಎಂದ. ಕನ್ನಡದವನು ಎಂದು ಅವ್ವಣ್ಣನವರನ್ನು ಅವನು ಕರೆಯುವುದೇ ಹಾಗೆ.

“ನಮ್ಮೂರವ್ರು,” ಎಂದರು ಅವ್ವಣ್ಣ ಮರಾಠಿಯಲ್ಲಿ. ಹುಬ್ಬಳ್ಳಿಗೂ ಶಹಾಪುರಕ್ಕೂ ಸುಮಾರು ಮುನ್ನೂರು ಕಿಲೋಮೀಟರ್ ದೂರ. ಪುಣೆಯಲ್ಲಿ ಅವೆರಡೂ ಒಂದೇ ಊರಾದವು.

“ಹಾಗಿದ್ದರೆ ಸಾಹೇಬರೇ, ನಿಮ್ಮೂರವನಿಗೆ ಬುದ್ಧಿ ಹೇಳಿ,” ಎಂದ ಏಕನಾಥ. “ಇಡೀ ತಬೇಲಾದಲ್ಲಿ ಒಂದು ಕುದುರೆ ಹಾಳು ಮಾಡಿದ್ದಾನೆ. ‘ಪಾಯ್’ ಅಂದರೆ ಕಾಲೆತ್ತುವುದಿಲ್ಲ, ‘ಪೈರ್’ ಅಂದರೂ ಎತ್ತುವುದಿಲ್ಲ. ಲಾಳ ಹೊಡೆಯುವವ ಬಂದರೆ ಅವನೂ ಕಾಲು, ಕಾಲು ಅನ್ನಬೇಕು. ದೇಶದಲ್ಲಿ ಕುದುರೆಗೋಸ್ಕರ ಕಾನಡಿ ಕಲಿತವನು ಅವನೊಬ್ಬನೇ.”

ರೇಸಿನ ಪಟ್ಟಿಯಲ್ಲಿ ಆ ಕುದುರೆಯ ಹೆಸರು ಕ್ವಾಯಟ್ ಹಾರ್ಬರ್. ಏಕನಾಥನ ನಾಲಿಗೆಯಲ್ಲಿ ಅದು ಕೋಯ್ತಾ ಆಗಿತ್ತು. ಮರಾಠಿಯಲ್ಲಿ ಕೋಯ್ತಾ ಅಂದರೆ ಕುಡುಗೋಲು. “ಹೆಣ್ಣು ಜೀವಕ್ಕ ಕುಡುಗೋಲು ಅಂತ ಕರೀತಾರೇನ್ರಿ?” ಎಂದು ಅವ್ವಣ್ಣ ಅದಕ್ಕೆ ಅಪ್ಪಿ ಎಂದು ಹೆಸರಿಟ್ಟಿದ್ದರು. ಅದು ಎರಡು ವರ್ಷದ ಮರಿಯಾಗಿ ಬಂದದ್ದು 1998ರಲ್ಲಿ. ಅಂದಿನಿಂದ ಅವರ ಕೈಯಲ್ಲೇ ಇತ್ತು, ಮಳೆಗಾಲ ಪುಣೆ, ಉಳಿದ ಕಾಲ ಮುಂಬೈ.

ಅವ್ವಣ್ಣ ಅಪ್ಪಿಯ ಒದ್ದೆ ಮೈ ಒರೆಸಿದರು. ಮೈ ಒರೆಸುವಷ್ಟು ಹೊತ್ತೂ ಮಾತು. ರಾತ್ರಿ ಸೋರಿದ ಹೆಂಚಿನ ವಿಷಯ, ಪಕ್ಕದ ಕುದುರೆಯ ಕೆಮ್ಮಿನ ವಿಷಯ, ಎಂಪ್ರೆಸ್ ಗಾರ್ಡನ್ನಿನ ಕಡೆಯಿಂದ ಬರುವ ಬಾವಲಿಗಳ ವಿಷಯ. “ಸರಿ” ಅಂದರೆ ಕುದುರೆ ಗೋಡೆಯ ಕಡೆ ಸರಿಯಿತು. “ಹಿಂದ” ಅಂದರೆ ಒಂದು ಹೆಜ್ಜೆ ಹಿಂದಿಟ್ಟಿತು. “ಕಾಲು” ಅಂದರೆ ಎಡ ಮುಂಗಾಲು ಎತ್ತಿತು. “ಇನ್ನೊಂದು” ಅಂದರೆ ಬಲಗಾಲು. ನಾನು ಅದೇ ಮಾತನ್ನು ಹೇಳಿ ನೋಡಿದೆ. ಕುದುರೆ ಮೊದಲು ಅವ್ವಣ್ಣನವರ ಮುಖ ನೋಡಿತು, ಆಮೇಲೆ ಕಾಲೆತ್ತಿತು.

ಎಡಗಾಲನ್ನು ಕೆಳಗಿಡುವಾಗ ಅವ್ವಣ್ಣನವರ ಮಾತು ನಿಂತಿತು.

ಅಂಗೈಯನ್ನು ಮೊಣಕಾಲಿನ ಕೆಳಗೆ, ಕಾಲಿನ ಹಿಂಬದಿಗೆ ಇಟ್ಟರು. ತೆಗೆದು ಬಲಗಾಲಿಗಿಟ್ಟರು. ಮತ್ತೆ ಎಡಗಾಲಿಗೆ. ಹೀಗೆ ಆರು ಸಲ. ಆಮೇಲೆ ನನ್ನ ಬಲಗೈ ಹಿಡಿದು ಅದೇ ಜಾಗದಲ್ಲಿ ಇರಿಸಿದರು.

ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಅಳತೆಯ ಕೆಲಸ ಮಾಡುವವನಾದ್ದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕು: ನನ್ನ ಅಂಗೈಗೆ ಎರಡೂ ಕಾಲುಗಳು ಒಂದೇ ಬಿಸಿ. ಒಂದು ಡಿಗ್ರಿಗಿಂತ ಕಡಿಮೆ ಅಂತರವನ್ನು ನನ್ನಂಥವರ ಕೈ ಹಿಡಿಯಲಾರದು.

“ಬಿಸಿ ಅದ,” ಎಂದರು ಅವ್ವಣ್ಣ. “ನರ ಸುರು ಆಗ್ಯದ.”

ಅದು ನರವಲ್ಲ, ಸ್ನಾಯುರಜ್ಜು. ಆದರೆ ಲಾಯದಲ್ಲಿ ಎಲ್ಲರೂ ನರವೆನ್ನುತ್ತಾರೆ. ಓಡುವ ಕುದುರೆಯ ಭಾರವೆಲ್ಲ ಬೀಳುವುದು ಅದರ ಮೇಲೆ. ಹರಿಯುವ ಮೊದಲು ಬಿಸಿಯಾಗುತ್ತದೆ. ಕೆಲವು ಸಲ ಬಿಸಿಯಾಗಿಯೂ ಹರಿಯದೆ ಉಳಿಯುತ್ತದೆ.

“ಜಮಾದಾರರಿಗೆ ಹೇಳ್ರಿ ಮತ್ತ,” ಎಂದೆ.

ಅವರು ಹೇಳಲಿಲ್ಲ. ಏಕನಾಥ ಹತ್ತು ಹೆಜ್ಜೆ ದೂರದಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದ.

ಹೊರಗೆ ಚಹಾದ ಗಾಡಿಯ ಹತ್ತಿರ ಅವ್ವಣ್ಣ ಲೆಕ್ಕ ಬಿಡಿಸಿ ಹೇಳಿದರು. ಭಾನುವಾರ ಅಪ್ಪಿಯ ಓಟ ಇದೆ. ವಯಸ್ಸು ಆರು, ಓಡುವ ಹೆಣ್ಣುಕುದುರೆಗೆ ಅದು ದೊಡ್ಡದೇ. ಹಿಂದಿನ ವರ್ಷ ಇದೇ ಕಾಲಿಗೆ ಒಮ್ಮೆ ಬಾವು ಬಂದು ಮೂರು ತಿಂಗಳು ನಿಂತಿತ್ತು. ಇನ್ನೊಮ್ಮೆ ಕಾಲು ಕೆಟ್ಟರೆ ಇಟ್ಟುಕೊಳ್ಳುವುದಿಲ್ಲ ಎಂದು ಮಾಲೀಕರು ಅಂದೇ ಹೇಳಿದ್ದರು. ನಾಶಿಕದ ಕಡೆಯ ಒಂದು ಸವಾರಿ ಶಾಲೆಯವರು ಕೇಳಿಯೂ ಇಟ್ಟಿದ್ದರು.

“ಹೇಳಿದೆ ಅಂದ್ರ ಅಕಿ ಹೋಗ್ತಾಳ. ಹೇಳಲಿಲ್ಲ ಅಂದ್ರ ಓಡ್ತಾಳ. ಓಡಿ ಏನೂ ಆಗಲಿಲ್ಲ ಅಂದ್ರ ಇರ್ತಾಳ. ದೀಪಾವಳಿಗೆ ನನ್ನ ಜೋಡೀನೇ ಮುಂಬೈಗೆ ಬರ್ತಾಳ.”

“ಓಡುವಾಗ ಹರಿದ್ರ?”

ಅವರು ಬಸಿಯಲ್ಲಿದ್ದ ಚಹಾವನ್ನು ಊದಿದರು. ಅದು ಆಗಲೇ ಆರಿತ್ತು.

ಆಮೇಲೆ ಕೇಳದೆಯೇ ಹಳೆಯ ಕಥೆ ಹೇಳಿದರು. ಕಥೆ ಹೇಳುವ ಅಭ್ಯಾಸ ತಪ್ಪಿದ್ದರಿಂದ ಹಿಂದೆಮುಂದೆ ಹೇಳಿದರು. ನಾನು ವರ್ಷಗಳ ಕ್ರಮದಲ್ಲಿ ಬರೆಯುತ್ತೇನೆ.

1990ರಲ್ಲಿ ಅವ್ವಣ್ಣ ಮತ್ತು ಅವರ ಹೆಂಡತಿ ಸಕ್ಕುಬಾಯಿ ಗೌಂಡಿ ಕೆಲಸದ ಗುಂಪಿನೊಂದಿಗೆ ಪುಣೆಗೆ ಬಂದರು. ಹಡಪಸರದಲ್ಲಿ ಮನೆಗಳು ಏಳುತ್ತಿದ್ದವು. ಅವರು ಸಿಮೆಂಟು ಕಲಸುತ್ತಿದ್ದರು, ಆಕೆ ಬುಟ್ಟಿ ಹೊರುತ್ತಿದ್ದಳು. ಮಕ್ಕಳಿರಲಿಲ್ಲ. ಆರು ತಿಂಗಳಲ್ಲಿ ಸಕ್ಕುಬಾಯಿ ಸಂತೆಯ ಮರಾಠಿ ಕಲಿತಳು. ಅವ್ವಣ್ಣ ಕಲಿಯಲಿಲ್ಲ, ಕಲಿಯುವ ಅಗತ್ಯವೂ ಬೀಳಲಿಲ್ಲ. “ನೀ ಸುಮ್ಮ ನಿಂದ್ರು. ನಿನ್ನ ಮರಾಠಿ ಕೇಳಿದ್ರ ಬದನಿಕಾಯಿ ಕೊಡಾಂವ ಬಡಿಗಿ ಕೊಡ್ತಾನ,” ಎನ್ನುತ್ತಿದ್ದಳಂತೆ. ಕೂಲಿ ಕೇಳುವುದು, ಕಿರಾಣಿ ತರುವುದು, ದವಾಖಾನೆಯಲ್ಲಿ ರೋಗ ಹೇಳುವುದು ಎಲ್ಲವೂ ಆಕೆಯದೇ ಬಾಯಿ. 1992ರ ಮಳೆಗಾಲದಲ್ಲಿ ಕಾಮಾಲೆಯಾಗಿ ಹದಿನೆಂಟು ದಿನದಲ್ಲಿ ಹೋದಳು.

“ಆಕಿ ಸತ್ತ ಮ್ಯಾಗ ನಂಗ ಗೊತ್ತಾತ್ರಿ, ನಾ ಮೂಕ ಇದ್ದೆ ಅಂತ,” ಎಂದರು.

ಮರುವರ್ಷ ಅವರ ಗುಂಪಿಗೆ ಲಾಯದ ನೆಲಗಟ್ಟಿನ ಕೆಲಸ ಸಿಕ್ಕಿತು. ಒಬ್ಬ ಸಾಯಿಸ್ ನಾಲ್ಕು ದಿನ ಬಂದಿರಲಿಲ್ಲ. ಅವನ ಗಂಡುಕುದುರೆಗೆ ಅವ್ವಣ್ಣ ನೀರು ಹೊತ್ತರು, ಊರಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ ಹಾಗೆ ಮೈ ತಿಕ್ಕಿದರು. ಗುಂಪು ಕೆಲಸ ಮುಗಿಸಿ ಹೋಯಿತು. ಅವರು ಅಲ್ಲೇ ಉಳಿದರು. ಕುದುರೆಗೆ ಮರಾಠಿ ಬೇಕಿರಲಿಲ್ಲ.

ಎರಡನೆಯ ತಿಂಗಳು ಒಂದು ಬೆಳಿಗ್ಗೆ ಆ ಕುದುರೆಯ ಮುಂಗಾಲು ಬಿಸಿ ಇದ್ದದ್ದು ಅವರ ಕೈಗೆ ತಿಳಿಯಿತು. ಎತ್ತಿನ ಕಾಲಿನ ಬಿಸಿ ಗೊತ್ತಿದ್ದ ಕೈ. ಕಟಕಟೆಯ ಕಡೆ ಹೊರಟಿದ್ದ ಏಕನಾಥನ ಹಿಂದೆ ಓಡಿದರು. ಅವನು ಏನೋ ಕೇಳಿದ, ಇವರಿಗೆ ತಿಳಿಯಲಿಲ್ಲ. ತಿಳಿದ ಒಂದೇ ಮಾತನ್ನು ಹೇಳಿದರು: “ಕಾಲು, ಕಾಲು.”

ಏಕನಾಥ ಕೇಳಿದ್ದು, ಮಾಲೀಸು ಆಯಿತೇ ಎಂದು. ಮರಾಠಿಯಲ್ಲಿ ‘ಕಾಲ್’ ಎಂದರೆ ನಿನ್ನೆ. ಈ ಕಾನಡಿ ಆಳು ನಿನ್ನೆ ಆಯಿತು, ನಿನ್ನೆ ಆಯಿತು ಎನ್ನುತ್ತಿದ್ದಾನೆ ಎಂದು ತಿಳಿದು, “ನಿನ್ನೆಯದು ಯಾರಿಗೆ ಬೇಕು, ಸೋಮಾರಿ!” ಎಂದು ಬೈದು, ಕುದುರೆಯನ್ನು ಓಟದ ತಾಲೀಮಿಗೆ ಕಳಿಸಿದ. ಅವ್ವಣ್ಣ ಇನ್ನೂ ಎರಡು ಸಲ ಕೂಗಿದರಂತೆ. ನಿನ್ನೆ, ನಿನ್ನೆ ಎಂದು.

ಕುದುರೆ ಅರ್ಧ ಸುತ್ತಿನಲ್ಲಿ ಬಿತ್ತು. ಮುರಿದ ಕಾಲನ್ನು ಕೂಡಿಸುವಂತಿರಲಿಲ್ಲ. ಅಲ್ಲೇ ಪರದೆ ಹಿಡಿದು ಸಾಯುವ ಸೂಜಿ ಕೊಟ್ಟರು.

“ಆಮ್ಯಾಲ ‘ಪಾಯ್’ ಅನ್ನೂದು ಕಲತೆ, ಎಲ್ಲಾ ಕಲತೆ,” ಎಂದರು ಅವ್ವಣ್ಣ. “ಆದ್ರ ನಾಲಿಗಿ ಮ್ಯಾಲ ಇಸವಾಸ ಹೋತು. ಈಗ ಏನರೆ ಹೇಳೂದಿದ್ರ ಮಂದಿ ಕೈ ಹಿಡದು ಅಲ್ಲೇ ಇಡ್ತೀನಿ. ನೀವೇ ನೋಡ್ರಿ ಅಂತೀನಿ.”

“ಅಪ್ಪಿಗೆ ಕಾಲು ಅಂತ ಕಲಿಸಿದ್ದು?”

“ಆ ಮಾತು ಒಂದು ಜೀವಕ್ಕರೆ ತಿಳೀಲಿ ಅಂತ್ರಿ.”

ಶನಿವಾರ ಬೆಳಿಗ್ಗೆ ನಾನು ಮತ್ತೆ ಹೋದೆ. ಹೋಗಬೇಕಾದ ಕಾರಣ ಏನೂ ಇರಲಿಲ್ಲ, ಲಾಡ್ಜಿನಲ್ಲಿ ಕೂರಲಾಗಲಿಲ್ಲ. ಅವ್ವಣ್ಣ ಅಂದು ಕುದುರೆಯೊಂದಿಗೆ ಮಾತಾಡುತ್ತಿರಲಿಲ್ಲ. ಅದು ಅವರ ಹೆಗಲನ್ನು ಎರಡು ಸಲ ಮೂತಿಯಿಂದ ತಳ್ಳಿತು.

ಓಟದ ಹಿಂದಿನ ದಿನ ಜಮಾದಾರ ಪ್ರತಿ ಕುದುರೆಯ ಕಾಲು ಮುಟ್ಟಿ ನೋಡುವುದು ಅಲ್ಲಿಯ ಪದ್ಧತಿ. ಏಕನಾಥ ಸಾಲಿನ ಆ ತುದಿಯಿಂದ ಬಂದ. ಅಪ್ಪಿಯ ಮುಂದೆ ಬಗ್ಗಿ, ಬಲಗಾಲು, ಎಡಗಾಲು, ಮೇಲಿನಿಂದ ಕೆಳಕ್ಕೆ ಕೈ ಎಳೆದ. ಎರಡಕ್ಕೂ ಸೇರಿ ಹತ್ತು ಸೆಕೆಂಡು ಹಿಡಿದಿರಬಹುದು.

“ಠೀಕ್,” ಎಂದು ಎದ್ದು ನಿಂತ.

ಅವನ ಕೈಗೂ ಸಿಕ್ಕಿರಲಿಲ್ಲ. ಇನ್ನು ಯಾರೂ ಅವ್ವಣ್ಣನವರನ್ನು ಏನೂ ಕೇಳುವಂತಿರಲಿಲ್ಲ. ಭಾನುವಾರ ಏನೇ ಆದರೂ ಜಮಾದಾರ ಮುಟ್ಟಿ ಸರಿ ಎಂದ ಕಾಲು ಅದು. ನಾನು ಅವ್ವಣ್ಣನವರನ್ನೇ ನೋಡುತ್ತಿದ್ದೆ. ಅವರು ಕುದುರೆಯ ಕುತ್ತಿಗೆಯ ಮೇಲೆ ಕೈ ಇಟ್ಟು ನೆಲ ನೋಡುತ್ತಿದ್ದರು. ಏಕನಾಥ ಮುಂದಿನ ಕುದುರೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದ.

ಅವ್ವಣ್ಣ ಹೋಗಿ ಅವನ ಮುಂಗೈ ಹಿಡಿದರು.

“ಏನೋ?” ಎಂದ ಅವನು.

ಅವ್ವಣ್ಣ ಕೈ ಹಿಡಿದೇ ಕರೆತಂದು, ಕೂರಿಸಿ, ಎಡಗಾಲಿನ ಹಿಂಬದಿಗೆ ಅವನ ಅಂಗೈ ಇಟ್ಟು, ಅದರ ಮೇಲೆ ತಮ್ಮ ಅಂಗೈ ಒತ್ತಿ ಹಿಡಿದರು. ಏಕನಾಥ ಕೈ ಕಿತ್ತುಕೊಳ್ಳಲು ನೋಡಿದ, ಆಮೇಲೆ ಸುಮ್ಮನಾದ. ಅರ್ಧ ನಿಮಿಷವಾದರೂ ಇಬ್ಬರೂ ಹಾಗೇ ಕೂತಿದ್ದರು. ಏಕನಾಥ ಕಣ್ಣು ಮುಚ್ಚಿದ್ದ.

ಕಣ್ಣು ತೆರೆದು ಅವ್ವಣ್ಣನವರ ಮುಖ ನೋಡಿದ.

“ಕಾಲ್?” ಎಂದ.

ಅವನು ಕನ್ನಡದ ಕಾಲು ಎಂದನೋ, ಮರಾಠಿಯಲ್ಲಿ ನಿನ್ನೆಯಿಂದಲೋ ಎಂದು ಕೇಳಿದನೋ ನನಗೆ ಇಂದಿಗೂ ತಿಳಿಯದು. ಅವ್ವಣ್ಣ ಹೌದೆಂದು ತಲೆಯಾಡಿಸಿದರು. ಎರಡಕ್ಕೂ ಅದೇ ಉತ್ತರ.

ಏಕನಾಥ ಏಳಲಿಲ್ಲ. “ನಾನು ಠೀಕ್ ಅಂದಿದ್ದೆನಲ್ಲೋ ಹುಚ್ಚಾ,” ಎಂದ, ಬಹಳ ಮೆಲ್ಲಗೆ. “ಸುಮ್ಮನಿದ್ದಿದ್ದರೆ ಆಗುತ್ತಿತ್ತು.”

ಎಂಟು ಗಂಟೆಗೆ ಕುದುರೆ ಡಾಕ್ಟರು ಬಂದರು, ಕಾಲು ಒತ್ತಿದರು, ಓಟದಿಂದ ತೆಗೆಯಬೇಕು ಎಂದರು. ಯಾವಾಗಿನಿಂದ ಎಂದು ಕೇಳಿದಾಗ ಏಕನಾಥ, “ಈಗ ತಾನೇ ಸಾಹೇಬ್, ನಾನೇ ನೋಡಿದೆ,” ಎಂದ. ಮಧ್ಯಾಹ್ನದೊಳಗೆ ಮಾಲೀಕರ ಮಾತೂ ಬಂತು. ಸವಾರಿ ಶಾಲೆಯ ಗಾಡಿ ಬುಧವಾರ ಬರುತ್ತದೆ. ಆರು ತಿಂಗಳು ನಿಲ್ಲಿಸಿದರೆ ಕಾಲು ಮಾಗುತ್ತದೆ, ಆಮೇಲೆ ಜನರನ್ನು ಕೂರಿಸಿಕೊಂಡು ನಿಧಾನ ನಡೆಯಲು ಅಡ್ಡಿಯಿಲ್ಲ.

“ನಾನೂ ಹೋಗ್ಲೇನ್ರಿ ಜಮಾದಾರ?” ಎಂದು ಅವ್ವಣ್ಣ ಮರಾಠಿಯಲ್ಲಿ ಕೇಳಿದರು.

“ಅವರಿಗೆ ಕುದುರೆ ಬೇಕು. ಆಳು ಅವರಲ್ಲೇ ಇದ್ದಾರೆ.”

ಭಾನುವಾರ ನಾನು ಟಿಕೆಟ್ ತೆಗೆದುಕೊಂಡು ಸ್ಟ್ಯಾಂಡಿಗೆ ಹೋದೆ. ಜನ ತುಂಬಿದ್ದರು. ನಾಲ್ಕನೆಯ ಓಟದ ಫಲಕದಲ್ಲಿ ಏಳನೆಯ ನಂಬರಿನ ಮುಂದೆ ಖಾಲಿ. ಯಾರೂ ಅದರ ಬಗ್ಗೆ ಏನೂ ಅನ್ನಲಿಲ್ಲ. ಹತ್ತು ಕುದುರೆಗಳು ಓಡಿದವು, ಒಂದೂಕಾಲು ನಿಮಿಷದಲ್ಲಿ ಮುಗಿಯಿತು. ನಾನು ಇಳಿದು ಲಾಯದ ಕಡೆ ನಡೆದೆ. ಅಲ್ಲಿ ಅವ್ವಣ್ಣ ಒಬ್ಬರೇ ಇದ್ದರು, ಉಳಿದವರೆಲ್ಲ ಓಟದ ಕಡೆ. ಅಪ್ಪಿಯ ಕಾಲಿಗೆ ಪಟ್ಟಿ ಕಟ್ಟಿತ್ತು.

“ಸಾಹೇಬ್ರ, ನಿಮಗ ಮರಾಠಿ ಬರೀಲಾಕ ಬರ್ತದೇನ್ರಿ?”

“ಬರ್ತದ.”

“ಹಂಗಿದ್ರ ಒಂದು ಚೀಟಿ ಬರದು ಕೊಡ್ರಿ. ಅಲ್ಲಿ ಮಂದಿ ‘ಪಾಯ್’ ಅಂತಾರ. ಅಕಿಗೆ ತಿಳಿಯಂಗಿಲ್ಲ. ತಿಳೀದಿದ್ರ ಹಟಮಾರಿ ಅಂತಾರ. ಹಟಮಾರಿ ಅಂದ್ರ ಬಡೀತಾರ.”

ಹೆಗಲಚೀಲದಲ್ಲಿ ಕೆಲಸದ ನೋಟುಪುಸ್ತಕ ಇತ್ತು. ಒಂದು ಹಾಳೆಯನ್ನು ಮೂರು ಕಂಬಸಾಲು ಮಾಡಿದೆ: ಮಾತು, ಅದರ ಅರ್ಥ, ಹೇಳುವ ರೀತಿ. ಎಲ್ಲ ದೇವನಾಗರಿಯಲ್ಲಿ. ಅವ್ವಣ್ಣ ಒಂದೊಂದಾಗಿ ಹೇಳಿದರು. ಪ್ರತಿ ಮಾತನ್ನೂ ಕುದುರೆಗೆ ಹೇಳಿ ತೋರಿಸಿ, ನಾನು ಬರೆದ ಮೇಲೆ ಮುಂದಿನದಕ್ಕೆ ಹೋದರು. ಎಡಗಾಲು ಮಾತ್ರ ಎತ್ತಿಸಲಿಲ್ಲ.

ಮೊದಲ ಸಾಲಿನಲ್ಲೇ ತೊಡಕಾಯಿತು. ‘ಕಾಲು’ ಎಂದು ಬರೆದರೂ ಆತುರದಲ್ಲಿ ಓದುವವರು ಕೊನೆಯ ಉಕಾರ ನುಂಗುತ್ತಾರೆ. ಮತ್ತೆ ನಿನ್ನೆಯೇ ಆಗುತ್ತದೆ. ಉಕಾರದ ಕೆಳಗೆ ಎರಡು ಗೆರೆ ಎಳೆದು, ‘ಕೊನೆಗೆ ತುಟಿ ಮುಂದೆ ಚಾಚಿ ಉ ಎನ್ನಬೇಕು’ ಎಂದು ಮೂರನೆಯ ಕಂಬಸಾಲಿನಲ್ಲಿ ಬರೆದೆ. ಅವ್ವಣ್ಣ ತುಟಿ ಚಾಚಿ ನೋಡಿ, “ಹೌದ್ರಿ, ಹಿಂಗೇ,” ಎಂದರು. ‘ಹಿಂದ’ ಬರೆದಾಗ, “ಇದನ್ನ ಓದಿ ದೇಶದ ಹೆಸರು ಅನ್ಕೊಂಡಾರು. ಜೈ ಹಿಂದ್ ಅಂದ್ರ ಕುದುರಿ ಹಿಂದ ಹೋಗ್ತದ,” ಎಂದು ತಾವೇ ನಕ್ಕರು. ಆ ಮೂರು ದಿನದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

‘ಇನ್ನೊಂದು’, ಸರಿ, ಬಾ, ನಡಿ, ಕುಡಿ, ಬ್ಯಾಡ, ಸಾವಕಾಶ, ಆತು. ಒಟ್ಟು ಹತ್ತಾದವು. ‘ಆತು’ ಎಂದರೆ ಕೆಲಸ ಮುಗಿಯಿತು, ಇನ್ನು ಯಾರೂ ಕಾಡುವುದಿಲ್ಲ ಎಂದು. ಅದನ್ನು ಕೇಳಿದರೆ ಕುದುರೆ ತಲೆ ಇಳಿಬಿಡುತ್ತಿತ್ತು.

“ನೀವು ಹೊರಗ ಹೋಗೂ ಮುಂದ ಒಂದು ಮಾತು ಹೇಳ್ತೀರಲ್ರಿ, ಬರ್ತೀನಿ ಅಂತ,” ಎಂದು ನೆನಪಿಸಿದೆ. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ. ಎರಡು ದಿನವೂ ಅವರು ಚಹಾಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು ‘ಬರ್ತೀನಿ’ ಎಂದದ್ದನ್ನೂ, ಅದನ್ನು ಕೇಳಿದ ಮೇಲೆಯೇ ಕುದುರೆ ಮೇವಿಗೆ ಬಾಯಿ ಹಾಕಿದ್ದನ್ನೂ ನೋಡಿದ್ದೆ. “ಅದನ್ನೂ ಬರೀಲೇನು?”

ಅವರು ಕಾಲಿಗೆ ಕಟ್ಟಿದ ಪಟ್ಟಿಯ ಗಂಟನ್ನು ಸರಿಪಡಿಸಿದರು.

“ಅದು ಬ್ಯಾಡ್ರಿ,” ಎಂದರು. “ಅದನ್ನ ಬ್ಯಾರೆಯವ್ರು ಹೇಳಿದ್ರ ಅಕಿ ನನ್ನ ಹಾದಿ ನೋಡ್ತಾಳ.”

ಹಾಳೆಯನ್ನು ಹರಿದು ಕೊಟ್ಟೆ. ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. ಸೋಮವಾರ ಬಿಡಿಭಾಗ ಬಂತು. ಮಂಗಳವಾರ ಸಂಜೆ ಕೆಲಸ ಮುಗಿಸಿ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಬುಧವಾರವನ್ನು ನಾನು ನೋಡಲಿಲ್ಲ.

ಮತ್ತೆ ಪುಣೆಗೆ ಹೋದದ್ದು 2003ರ ಜುಲೈ ಕೊನೆಗೆ, ಹನ್ನೊಂದು ತಿಂಗಳ ಮೇಲೆ. ಲಾಯದ ಬಾಗಿಲಲ್ಲಿ ಏಕನಾಥ ಗುರುತು ಹಿಡಿದ. “ಒಳಗಿದ್ದಾನೆ ನಿಮ್ಮೂರವನು,” ಎಂದ. ಅವನ ಮಾತಿನಲ್ಲಿ ಮೊದಲಿನ ಗದ್ದಲ ಇರಲಿಲ್ಲ. ಧ್ವನಿ ತಗ್ಗಿಸಿ, “ಆ ಚೀಟಿಯನ್ನು ನಾನೇ ಡ್ರೈವರನ ಕೈಗೆ ಕೊಟ್ಟೆ. ಎರಡು ಸಲ ಓದಿಸಿ ಕೇಳಿದೆ. ಅಲ್ಲಿ ಯಾರಿಗೆ ಮುಟ್ಟಿತೋ ಗೊತ್ತಿಲ್ಲ. ಫೋನು ಮಾಡಿದೆ, ಕುದುರೆ ಚೆನ್ನಾಗಿದೆ ಅಂದರು. ಎಲ್ಲರೂ ಅದನ್ನೇ ಅನ್ನುತ್ತಾರೆ,” ಎಂದ.

ಅವ್ವಣ್ಣ ಒಂದು ಬೂದುಬಣ್ಣದ ಗಂಡುಮರಿಯ ಮೈ ಉಜ್ಜುತ್ತಿದ್ದರು. ಎರಡು ವರ್ಷದ್ದು, ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವರ ಬಾಯಿಂದ ಒಂದು ಮಾತೂ ಇಲ್ಲ, ಬ್ರಷ್ಷಿನ ಸದ್ದಷ್ಟೆ. ನಾನು ಬಾಗಿಲಲ್ಲೇ ನಿಂತೆ. ಮೈ ಉಜ್ಜಿ ಮುಗಿದ ಮೇಲೆ ಬಗ್ಗಿ, “ಪೈರ್,” ಎಂದರು. ಮರಿ ಕಾಲೆತ್ತಿತು. “ದೂಸರಾ.” ಇನ್ನೊಂದು ಕಾಲೆತ್ತಿತು.

“ಅವ್ವಣ್ಣಾವ್ರ,” ಎಂದೆ.

ತಿರುಗಿದರು. ಗುರುತು ಕೂಡಲೇ ಹತ್ತಿತು. “ಬರ್ರಿ ಸಾಹೇಬ್ರ. ಬಸಾ. ಅಲ್ಲ, ಕೂಡ್ರಿ.” ಮೊದಲು ಮರಾಠಿ ಬಾಯಿಗೆ ಬಂದದ್ದಕ್ಕೆ ತಾವೇ ಬೇಸರಪಟ್ಟ ಹಾಗೆ ತಲೆ ಕೊಡವಿದರು.

ಅಪ್ಪಿ ಹೋದ ದಿನದ ಬಗ್ಗೆ ಎರಡೇ ಮಾತು ಹೇಳಿದರು. ಗಾಡಿ ಹತ್ತಲು ಒಪ್ಪದೆ ನಿಂತಿತ್ತು. ಇವರು ‘ನಡಿ’ ಎಂದರು, ಹತ್ತಿತು. ಇವರು ಹೇಳದಿದ್ದರೆ ಹತ್ತುತ್ತಿರಲಿಲ್ಲ.

“ಇದಕ್ಕ ಕನ್ನಡ ಕಲಿಸಲಿಲ್ಲೇನ್ರಿ?” ಎಂದು ಮರಿಯ ಕಡೆ ತೋರಿಸಿ ಕೇಳಿದೆ.

“ಇಲ್ರಿ,” ಎಂದರು. “ನನ್ನ ಕಾಲಕ್ಷೇಪಕ್ಕ ಅಕಿಗೆ ಕಲಿಸಿದೆ. ಕಲಿಯೂದು ಅಕಿಗೆ ಸಲೀಸಿತ್ತು. ಅಲ್ಲಿ ಹೋದ ಮ್ಯಾಲ ಅಕಿ ಕೂಡ ಯಾರ್ ಮಾತಾಡಬೇಕು? ಇದು ಎಲ್ಲಿಗೆ ಹೋದರೂ ಇದಕ್ಕ ಮಂದಿ ಮಾತು ತಿಳೀಬೇಕು.”

ಮರಿ ಅವರ ಜೇಬಿಗೆ ಮೂತಿ ಹಾಕಿತು. ಅವರು ಮೆಲ್ಲನೆ ಸರಿಸಿದರು, ಅದನ್ನೂ ಮಾತಿಲ್ಲದೆ.

ಹನ್ನೊಂದಕ್ಕೆ ನನಗೆ ಭೋಸರಿಯಲ್ಲಿ ಕೆಲಸವಿತ್ತು. ಏಳಲು ಹೊರಟಾಗ ಅವ್ವಣ್ಣ, “ಅವಸರ ಅದೇನ್ರಿ?” ಎಂದರು.

“ಅಷ್ಟೇನಿಲ್ಲ.”

“ಹಂಗಿದ್ರ ಕೂಡ್ರಿ. ಮಾತಾಡ್ರಿ.”

“ಏನು ಮಾತಾಡಲ್ರಿ?”

“ಏನರೆ. ನೀವು ಆಡ್ಕೋತ ಹೋಗ್ರಿ, ನಾ ಕೇಳ್ತೀನಿ.”

ಮೊದಲು ನೆನಪಿಗೆ ಬಂದದ್ದರಿಂದ ಶುರುಮಾಡಿದೆ. ಬರುವಾಗ ಬಸ್ಸು ನಿಪ್ಪಾಣಿಯ ಹತ್ತಿರ ಪಂಕ್ಚರ್ ಆದದ್ದು, ಪಕ್ಕದ ಸೀಟಿನ ಅಜ್ಜಿ ರೊಟ್ಟಿ ಕೊಟ್ಟದ್ದು, ಆ ವರ್ಷ ನಮ್ಮ ಕಡೆ ಹೆಸರಿನ ಬೆಳೆ ಹೇಗಿದೆ, ನನ್ನ ತಂಗಿಯ ಮಗಳಿಗೆ ಹಲ್ಲು ಬಿದ್ದದ್ದು. ಅವ್ವಣ್ಣ ಒಣಹುಲ್ಲು ಹಾಸಿದರು, ನೀರಿನ ಬಕೆಟ್ಟು ತುಂಬಿದರು, ಮರಿಯ ಗೊರಸು ಕೆರೆದರು. ಹ್ಞೂಂ, ಹ್ಞೂಂ ಎನ್ನುತ್ತಿದ್ದರು. ಎಲ್ಲಾದರೂ ನಾನು ನಿಲ್ಲಿಸಿದರೆ ಕೆಲಸ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು.

ನಾನು ಮತ್ತೆ ಶುರುಮಾಡುತ್ತಿದ್ದೆ.